ಎರವಲು ದೂರ: ನೀರಡಿಯ ಸ್ಕೂಟರ್ ಕೈಕೊಟ್ಟಾಗ, ಸೆಳವು ಎದುರಾದಾಗ

(ಸ್ಕೂಬಾ ಡೈವಿಂಗ್‌ನಲ್ಲಿ ಆಸಕ್ತಿಯುಳ್ಳವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹರೂಪ)

ಮಾನ್ಯರೆ,

ಡೈವರನನ್ನು ನೀರಿನೊಳಗೆ ಎಳೆದೊಯ್ಯುವ ಮೋಟಾರು ಯಂತ್ರವಾದ ನೀರಡಿಯ ಸ್ಕೂಟರಿನ ಬಗ್ಗೆ ಮಾತಾಡಲು ನಿಂತವರು ಅದರ ವೇಗವನ್ನೂ ಅದು ತೋರಿಸುವ ಹವಳದ ದಿಬ್ಬಗಳನ್ನೂ ಬಣ್ಣಿಸಿ ಮಾತು ಆರಂಭಿಸುವುದು ವಾಡಿಕೆ. ನಾನು ಕೆಟ್ಟು ನಿಂತ ಒಂದು ಯಂತ್ರದಿಂದ ಆರಂಭಿಸುತ್ತೇನೆ. 1941ರ ಡಿಸೆಂಬರ್ 18ರ ರಾತ್ರಿ ಇಟಲಿಯ ‘ಶಿರೆ’ ಎಂಬ ಜಲಾಂತರ್ಗಾಮಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಹೊರಗೆ ಮೂರು ವಾಹನಗಳನ್ನು ನೀರಿಗೆ ಬಿಟ್ಟಿತು. ಒಂದೊಂದರ ಮೇಲೂ ಇಬ್ಬರು ಡೈವರುಗಳು ಕುದುರೆ ಏರಿದಂತೆ ಕೂತಿದ್ದರು. ನೌಕಾಪಡೆಯ ಕಾಗದದಲ್ಲಿ ಅದಕ್ಕೆ ‘ನಿಧಾನವಾಗಿ ಓಡುವ ಟಾರ್ಪೆಡೊ’ ಎಂಬ ಹೆಸರಿತ್ತು. ಹೇಳಿದ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಅದನ್ನು ಓಡಿಸುವವರು ‘ಹಂದಿ’ ಎಂದು ಕರೆಯುತ್ತಿದ್ದರು. ಬ್ರಿಟಿಷ್ ಯುದ್ಧನೌಕೆ ‘ವೇಲಿಯಂಟ್’ ಕಡೆಗೆ ಹೊರಟ ಲುಯಿಜಿ ಡುರಾಂಡ್ ಡೆ ಲಾ ಪೆನ್ನೆ ಮತ್ತು ಎಮಿಲಿಯೊ ಬಿಯಾಂಕಿ ಗುರಿಯ ಹತ್ತಿರ ಬಂದಾಗ ಅವರ ಹಂದಿ ತಳಕ್ಕೆ ಕುಸಿಯಿತು. ಬಿಯಾಂಕಿ ಕಣ್ಮರೆಯಾದ. ಪ್ರೊಪೆಲ್ಲರಿಗೆ ತಂತಿಯೊಂದು ಸುತ್ತಿಕೊಂಡಿದ್ದರಿಂದ ಮೋಟಾರು ತಿರುಗದೆ ಹೋಯಿತು. ಡೆ ಲಾ ಪೆನ್ನೆ ಆ ಭಾರದ ಯಂತ್ರವನ್ನು ಕೆಸರಿನಲ್ಲಿ ಒಬ್ಬನೇ ಎಳೆದುಕೊಂಡು ಹೋಗಿ ಹಡಗಿನ ಹೊಟ್ಟೆಯ ಕೆಳಗೆ ಇಟ್ಟು, ಮೇಲೆ ಬಂದು ಸೆರೆಸಿಕ್ಕ. ಮುಂಜಾನೆ ಹಡಗು ಬಂದರಿನ ತಳಕ್ಕೆ ಕೂತಿತು.

ಯುದ್ಧದ ಕಥೆ ನಮಗೆ ಇಲ್ಲಿ ಬೇಡ. ಆದರೆ ಇಂದಿನ ಸ್ಕೂಟರಿನ ಆ ಹಳೆಯ ಹಿರಿಯನಲ್ಲಿ ಆ ರಾತ್ರಿ ಕಂಡ ತೊಂದರೆಗಳನ್ನು ಗಮನಿಸಿ: ತೇಲುವಿಕೆ ಕೆಟ್ಟು ಮುಳುಗುವುದು, ಪ್ರೊಪೆಲ್ಲರಿಗೆ ಏನಾದರೂ ಸುತ್ತಿಕೊಳ್ಳುವುದು, ಜೊತೆಗಾರ ಕಾಣೆಯಾಗುವುದು, ಕೊನೆಗೆ ಯಂತ್ರವನ್ನು ಮನುಷ್ಯನೇ ಎಳೆಯಬೇಕಾಗುವುದು. ಎಂಟು ದಶಕಗಳು ಕಳೆದು ಬ್ಯಾಟರಿಯೂ ಮೋಟಾರೂ ಎಷ್ಟೋ ಸುಧಾರಿಸಿದ್ದರೂ ಈ ಪಟ್ಟಿ ಹೆಚ್ಚೇನೂ ಬದಲಾಗಿಲ್ಲ.

ಸ್ಕೂಟರ್ ಎಂದರೆ ಇನ್ನೂ ಕಾಣದವರಿಗಾಗಿ ಎರಡು ಮಾತು. ಮುಂದೆ ಬ್ಯಾಟರಿ, ಹಿಂದೆ ಮೋಟಾರು ಮತ್ತು ಪ್ರೊಪೆಲ್ಲರ್, ನಡುವೆ ನೀರು ನುಗ್ಗದಂತೆ ಓ-ರಿಂಗ್ ಎಂಬ ರಬ್ಬರಿನ ಬಳೆಗಳು, ಕೈಗೆ ಒಂದು ಟ್ರಿಗರ್. ಸ್ಕೂಟರಿನಿಂದ ಹೊರಟ ಹಗ್ಗವೊಂದು ಡೈವರನ ಸೊಂಟದ ಕೆಳಗಿನ ಪಟ್ಟಿಯ ಬಳೆಗೆ ಸಿಕ್ಕಿರುತ್ತದೆ. ಎಳೆತವೆಲ್ಲ ಆ ಹಗ್ಗದ ಮೇಲೆ ಬಿದ್ದು, ಕೈ ದಿಕ್ಕನ್ನಷ್ಟೇ ನೋಡಿಕೊಳ್ಳುತ್ತದೆ. ನಿಮಿಷಕ್ಕೆ 50 ಮೀಟರ್ ಎಂಬುದು ಇಂಥ ಯಂತ್ರಕ್ಕೆ ಸಾಧಾರಣ ವೇಗ. ಪೂರ್ತಿ ಸಜ್ಜು ಹೊತ್ತ ಡೈವರ್ ದಣಿಯದೆ ಕಾಲಿಗೆ ತೊಟ್ಟ ಫಿನ್ ಬಡಿಯುತ್ತ ಸಾಗಿದರೆ ನಿಮಿಷಕ್ಕೆ 15 ಮೀಟರ್ ಹೋದಾನು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇಂದಿನ ನನ್ನ ಮಾತೆಲ್ಲ ಅಡಗಿದೆ.

ಸ್ಕೂಟರ್ ನಮಗೆ ಕೊಡುವುದು ದೂರವನ್ನು, ಅದೂ ಸಾಲವಾಗಿ. ಸಾಲ ತರುವಾಗಿನ ಹಿಗ್ಗು ತೀರಿಸುವಾಗ ಇರುವುದಿಲ್ಲವೆಂಬುದನ್ನು ಈ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರ ಓಡುತ್ತಿರುವವರೆಗೆ ಸಾಲ ಕಾಣಿಸುವುದಿಲ್ಲ. ನಿಂತ ಕ್ಷಣ ಬಡ್ಡಿಸಮೇತ ಎದುರು ಬರುತ್ತದೆ. ಆ ಬಡ್ಡಿಯನ್ನು ಗಾಳಿಯಲ್ಲಿ ಕಟ್ಟಬೇಕು.

ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಬೆನ್ನಲ್ಲಿ 12 ಲೀಟರಿನ ಸಿಲಿಂಡರ್ 200 ಬಾರ್ ಒತ್ತಡಕ್ಕೆ ತುಂಬಿದೆ ಎಂದಿಟ್ಟುಕೊಳ್ಳಿ. ಒಟ್ಟು 2400 ಲೀಟರ್ ಗಾಳಿ. ಆಳ 20 ಮೀಟರ್, ಅಂದರೆ ಸುತ್ತಲಿನ ಒತ್ತಡ ಮೇಲ್ಮೈಯದರ ಮೂರು ಪಟ್ಟು. ಸ್ಕೂಟರ್ ಎಳೆಯುತ್ತಿರುವಾಗ ನೀವು ಸುಮ್ಮನೆ ತೂಗುತ್ತಿರುತ್ತೀರಿ. ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 15 ಲೀಟರ್ ಸಾಕು, ಆ ಆಳದಲ್ಲಿ 45 ಲೀಟರ್. 15 ನಿಮಿಷದಲ್ಲಿ 750 ಮೀಟರ್ ಹೋಗಿ 675 ಲೀಟರ್ ಖರ್ಚು ಮಾಡುತ್ತೀರಿ. ಗೇಜ್ 144 ಬಾರ್ ತೋರಿಸುತ್ತದೆ. ಗುಹೆ ಡೈವರುಗಳಿಂದ ಬಂದ ಹಳೆಯ ನಿಯಮ ಮೂರನೇ ಒಂದು ಪಾಲು ಮುಗಿದಾಗ ಹಿಂದಿರುಗಿ ಎನ್ನುತ್ತದೆ. ಆ ಪಾಲೂ ಇನ್ನೂ ಮುಗಿದಿಲ್ಲ. ಮನಸ್ಸಿಗೆ ನೆಮ್ಮದಿ. ಈಗ ಸ್ಕೂಟರ್ ನಿಂತಿತು. ಆ 750 ಮೀಟರನ್ನು ಈಜಿ ಬರಲು 50 ನಿಮಿಷ ಬೇಕು. ಈಜುವವನಿಗೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್, ಆಳದಲ್ಲಿ 60 ಲೀಟರ್ ಹಿಡಿದರೆ 3000 ಲೀಟರ್ ಗಾಳಿ ಬೇಕಾಯಿತು. ನಿಮ್ಮಲ್ಲಿ ಉಳಿದಿರುವುದು 1725.

ಗೇಜ್ ಸುಳ್ಳು ಹೇಳಲಿಲ್ಲ. ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಎಷ್ಟು ಗಾಳಿ ಖರ್ಚಾಗಿದೆ ಎಂದು ಕೇಳುವ ಬದಲು ಇಲ್ಲಿಂದ ಈಜಿಕೊಂಡು ಹೋಗಲು ಎಷ್ಟು ಬೇಕು ಎಂದು ಕೇಳಬೇಕಿತ್ತು. ಮೇಲೇರಲು ಮತ್ತು ಜೊತೆಗಾರನಿಗೆ ಹಂಚಲು 50 ಬಾರ್ ಮುಟ್ಟದೆ ಇಟ್ಟು, ಅದೇ ಅಂಕಿಗಳಿಂದ ಹಿಂದುಮುಂದಾಗಿ ಲೆಕ್ಕ ಮಾಡಿದರೆ ನೀವು ಹೋಗಬಹುದಾದ ದೂರ ಸುಮಾರು 360 ಮೀಟರ್, ಎಂದರೆ ಏಳು ನಿಮಿಷದ ಸವಾರಿ. ಇನ್ನೂ 170 ಬಾರ್‌ಗಿಂತ ಹೆಚ್ಚು ತೋರಿಸುತ್ತಿರುವ ಗೇಜನ್ನು ನೋಡುತ್ತ ಹಿಂದಿರುಗುವುದು ಹೊಟ್ಟೆ ಉರಿಸುವ ಕೆಲಸ, ಒಪ್ಪುತ್ತೇನೆ.

ಗುಹೆಯಲ್ಲಾದರೆ ಸರಿ, ತೆರೆದ ಸಮುದ್ರದಲ್ಲಿ ನೇರ ಮೇಲೆ ಬಂದುಬಿಡಬಹುದಲ್ಲ ಎಂದು ನೀವು ಕೇಳಬಹುದು. ಬರಬಹುದು, ಬರಬೇಕು ಕೂಡ. ಡಿಕಂಪ್ರೆಷನ್, ಅಂದರೆ ಮೈಯಲ್ಲಿ ಕರಗಿದ ಅನಿಲ ಹೊರಹೋಗಲು ಏರುವ ದಾರಿಯಲ್ಲಿ ತಂಗುವುದು, ಬಾಕಿ ಇಲ್ಲದಿದ್ದರೆ, ಮೇಲೆ ದೋಣಿಗಳ ಓಡಾಟವಿಲ್ಲದಿದ್ದರೆ, ನಿಮ್ಮ ದೋಣಿಯವನಿಗೆ ನೀವು ಎಲ್ಲಿ ಏಳಬಹುದೆಂಬ ಅಂದಾಜಿದ್ದರೆ. ಈಜುವ ಡೈವರನನ್ನು ಹುಡುಕಲು ದೋಣಿಯವನು ಎಷ್ಟು ನೀರನ್ನು ಕಣ್ಣಲ್ಲಿ ಜಾಲಾಡಬೇಕೋ ಸ್ಕೂಟರ್ ಹಿಡಿದವನಿಗಾಗಿ ಅದರ ಹತ್ತು ಪಟ್ಟು ಜಾಲಾಡಬೇಕು. ದೂರ ಮೂರು ಪಟ್ಟಿಗಿಂತ ಹೆಚ್ಚಾದರೆ ಹರವು ಒಂಬತ್ತು ಪಟ್ಟನ್ನೂ ಮೀರುತ್ತದೆ.

ಜೊತೆಗಾರನ ಸ್ಕೂಟರ್ ಎಳೆದುಕೊಂಡು ಹೋಗುತ್ತದಲ್ಲ ಎಂಬುದು ಇನ್ನೊಂದು ಸಮಾಧಾನ. ಎಳೆಯುತ್ತದೆ. ಅದನ್ನು ಮೊದಲೇ ಅಭ್ಯಾಸ ಮಾಡಿರಬೇಕು, ಕೆಟ್ಟ ಸ್ಕೂಟರನ್ನು ಹಿಂದೆ ಸಿಕ್ಕಿಸಿಕೊಂಡು ಜೊತೆಗಾರನ ಪಟ್ಟಿಯನ್ನೋ ಕಾಲನ್ನೋ ಹಿಡಿದು ಮೈ ಚಾಚಿ ನೇರವಾಗಿರಬೇಕು. ಇಬ್ಬರ ಮೈಯನ್ನೂ ಎರಡು ಯಂತ್ರಗಳನ್ನೂ ಒಂದು ಬ್ಯಾಟರಿ ಎಳೆಯುವಾಗ ವೇಗ ಇಳಿಯುತ್ತದೆ. ಎಷ್ಟು ಇಳಿಯುತ್ತದೆಂಬುದು ಯಂತ್ರವನ್ನೂ ಮೈಭಂಗಿಯನ್ನೂ ಅವಲಂಬಿಸಿದ್ದರಿಂದ ನಾನು ಲೆಕ್ಕಕ್ಕೆ ಅರ್ಧ ವೇಗವನ್ನೇ ಹಿಡಿಯುತ್ತೇನೆ. ಬ್ಯಾಟರಿಯಲ್ಲೂ ಆ ಪಾಲನ್ನು ತೆಗೆದಿರಿಸದೆ ಹೊರಟವರು ಇಬ್ಬರೂ ಒಟ್ಟಿಗೆ ನಡುನೀರಿನಲ್ಲಿ ಉಳಿಯುತ್ತಾರೆ.

ಫ್ಲಾರಿಡಾದ ವಕುಲಾ ಬುಗ್ಗೆಯ ಗುಹೆಗಳಲ್ಲಿ ಈ ಲೆಕ್ಕ ಅದರ ತುದಿ ಮುಟ್ಟಿದೆ. 2007ರ ಡಿಸೆಂಬರಿನಲ್ಲಿ ಜ್ಯಾರಡ್ ಜಬ್ಲಾನ್‌ಸ್ಕಿ ಮತ್ತು ಕೇಸಿ ಮೆಕಿನ್ಲೆ ಟರ್ನರ್ ಸಿಂಕ್ ಎಂಬಲ್ಲಿ ನೀರಿಗಿಳಿದು, ಸುಮಾರು 11 ಕಿಲೋಮೀಟರ್ ನೆಲದೊಳಗೆ ಸಾಗಿ ವಕುಲಾದಲ್ಲಿ ಮೇಲೆದ್ದರು. ಆಳ ಹೆಚ್ಚಿನ ಕಡೆ 80–90 ಮೀಟರಿನ ಆಸುಪಾಸು. ಅಷ್ಟು ದೂರ ಈಜುವ ಮಾತೇ ಇಲ್ಲ. ಹೀಗಾಗಿ ಅಲ್ಲಿನ ತಂಡಗಳು ಓಡಿಸುವ ಸ್ಕೂಟರಿನ ಹಿಂದೆ ಬಿಡಿ ಸ್ಕೂಟರುಗಳನ್ನು ಎಳೆದುಕೊಂಡು ಹೋಗುತ್ತವೆ, ದಾರಿಯುದ್ದಕ್ಕೂ ಸಿಲಿಂಡರುಗಳನ್ನು ಮೊದಲೇ ಇಟ್ಟು ಬರುತ್ತವೆ. ಹವ್ಯಾಸಿಗಳಾದ ನಮಗೆ ಅವರ ಸಾಹಸ ಅನುಕರಣೆಗೆ ದಕ್ಕುವಂಥದ್ದಲ್ಲ. ಆದರೆ ಒಂದು ಯಂತ್ರ ಕೆಡುತ್ತದೆ ಎಂದು ಒಪ್ಪಿಕೊಂಡೇ ಹೊರಡುವ ಅವರ ಅಭ್ಯಾಸ ದಕ್ಕುತ್ತದೆ.

ಇನ್ನು ಯಂತ್ರ ಕೆಡುವ ಬಗೆಗಳು. ನಿಂತುಹೋಗುವುದು ಇವುಗಳಲ್ಲಿ ಸೌಮ್ಯವಾದದ್ದು. ಹಳೆಯ ಸೀಸದ ಬ್ಯಾಟರಿಗಳು ಮುದಿ ಎತ್ತಿನಂತೆ ಮೆಲ್ಲಮೆಲ್ಲನೆ ಸೋಲುತ್ತಿದ್ದವು. ವೇಗ ಇಳಿಯುವುದೇ ಎಚ್ಚರಿಕೆಯಾಗಿತ್ತು. ಲಿಥಿಯಂ ಬ್ಯಾಟರಿ ಕೊನೆಯವರೆಗೂ ಹುರುಪಿನಿಂದ ಓಡಿ, ವಿದ್ಯುತ್ ಒತ್ತಡ (ವೋಲ್ಟೇಜ್) ಒಂದು ಮಟ್ಟಕ್ಕಿಳಿದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ಸಂಪರ್ಕ ಕಡಿದುಕೊಳ್ಳುತ್ತದೆ. ಅದು ಕಾಪಾಡಿಕೊಳ್ಳುವುದು ತನ್ನನ್ನು, ನಿಮ್ಮನ್ನಲ್ಲ. ಆದಕಾರಣ ಚಾರ್ಜ್ ತೋರಿಸುವ ದೀಪಕ್ಕಿಂತ ಗಡಿಯಾರವನ್ನು ನಂಬುವುದು ಲೇಸು: ಇಷ್ಟು ನಿಮಿಷ ಓಡಿಸಿದ್ದೇನೆ, ಈ ವೇಗದಲ್ಲಿ ಒಟ್ಟು ಇಷ್ಟು ನಿಮಿಷ ಓಡುತ್ತದೆ ಎಂಬುದು ಕೈಬೆರಳಲ್ಲಿರಬೇಕು. ವೇಗದ ವಿಷಯಕ್ಕೆ ಬಂದರೆ, ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಬೇಕಾಗುವ ಶಕ್ತಿ ಘನಕ್ಕೆ ತಕ್ಕಂತೆ. ವೇಗ ಇಮ್ಮಡಿಯಾದರೆ ಬ್ಯಾಟರಿ ಎಂಟು ಪಟ್ಟು ಬೇಗ ಬರಿದಾಗುತ್ತದೆ. ಅವಸರಕ್ಕೆ ಇಷ್ಟು ದುಬಾರಿ ದಂಡ ಹಾಕುವ ರಸ್ತೆ ನೆಲದ ಮೇಲೆ ಇಲ್ಲ.

ನೀರು ನುಗ್ಗುವುದು ಎರಡನೆಯದು. ಓ-ರಿಂಗಿನ ಮೇಲೆ ಒಂದು ಕೂದಲೋ ಮರಳಿನ ಕಣವೋ ಕೂತರೆ ಸಾಕು. ಒಳಗಿನ ಗಾಳಿಯ ಜಾಗವನ್ನು ನೀರು ಹಿಡಿದಾಗ ತೂಕವಿಲ್ಲದಂತಿದ್ದ ಸ್ಕೂಟರ್ ಹಲವು ಕಿಲೋ ಭಾರವಾಗಿ ನಿಮ್ಮನ್ನೂ ಕೆಳಗೆ ಜಗ್ಗುತ್ತದೆ. ಆಗ ಬಿಸಿಡಿಗೆ, ಅಂದರೆ ತೇಲುವಿಕೆಯನ್ನು ಹತೋಟಿಯಲ್ಲಿಡುವ ಜಾಕೆಟ್ಟಿಗೆ, ಗಾಳಿ ತುಂಬಿ ಅದನ್ನು ಹೊತ್ತು ತರಲು ಹೋಗುವುದು ಅಪಾಯ. ಕೈಜಾರಿದರೆ ತುಂಬಿದ ಗಾಳಿ ನಿಮ್ಮನ್ನು ಬೆಂಡಿನಂತೆ ಮೇಲಕ್ಕೆ ಎಸೆಯುತ್ತದೆ. ಉಪ್ಪುನೀರು ಹೊಕ್ಕ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹುಟ್ಟಬಹುದು, ಲಿಥಿಯಂ ಆದರೆ ಕಾದು ಹೊತ್ತಿಕೊಳ್ಳಲೂಬಹುದು. ಅಂಥದ್ದನ್ನು ದೋಣಿಯ ಮುಚ್ಚಿದ ಕೋಣೆಯಲ್ಲಿಟ್ಟು ಕುತೂಹಲದಿಂದ ಬಿಚ್ಚಬೇಡಿ. ಬಯಲಲ್ಲಿ, ಜನರಿಂದ ದೂರ ಇಡಿ.

ಮೂರನೆಯದೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು: ಟ್ರಿಗರ್ ಬಿಟ್ಟರೂ ಮೋಟಾರು ನಿಲ್ಲದಿರುವುದು. ನಿಮಿಷಕ್ಕೆ 50 ಮೀಟರ್ ಓಡುತ್ತಿರುವ ಸ್ಕೂಟರಿನ ಮೂಗು ಬರೀ 30 ಡಿಗ್ರಿ ಮೇಲಕ್ಕೆ ಎದ್ದರೆ ನೀವು ನಿಮಿಷಕ್ಕೆ 25 ಮೀಟರ್ ಏರುತ್ತಿದ್ದೀರಿ. ಏರಿಕೆ ನಿಮಿಷಕ್ಕೆ 9–10 ಮೀಟರ್ ದಾಟಬಾರದೆಂದು ಹಲವು ತರಬೇತಿಗಳಲ್ಲಿ ಕಲಿಸುತ್ತಾರೆ. 12 ಡಿಗ್ರಿಯ ಓರೆಯೇ ಆ ಮಿತಿಯನ್ನು ಮುಟ್ಟಿಸಿಬಿಡುತ್ತದೆ, ಅಷ್ಟು ಓರೆ ಕಣ್ಣಿಗೆ ಬೀಳುವುದೇ ಇಲ್ಲ. 10 ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಶ್ವಾಸಕೋಶದಲ್ಲಿ ಹಿಡಿದಿಟ್ಟ ಗಾಳಿ ಇಮ್ಮಡಿಯಾಗಲು ಹವಣಿಸುತ್ತದೆ. ಆದ್ದರಿಂದ ಟ್ರಿಗರ್ ಕಚ್ಚಿಕೊಂಡಾಗ ಅದನ್ನು ಸರಿಪಡಿಸುವುದು ಮೊದಲ ಕೆಲಸವಲ್ಲ. ಮೊದಲ ಕೆಲಸ ಮೂಗನ್ನು ಸಮತಲಕ್ಕೆ ತಂದು, ಉಸಿರಾಟ ನಿಲ್ಲಿಸದೆ, ಅದೇ ಆಳದಲ್ಲಿ ಗಾಣದ ಎತ್ತಿನಂತೆ ಸುತ್ತುವುದು. ಸುತ್ತುತ್ತಿರುವವನು ಎಲ್ಲಿಗೂ ಹೋಗುವುದಿಲ್ಲ, ಜೊತೆಗಾರನಿಗೆ ಕಾಣುತ್ತಲೇ ಇರುತ್ತಾನೆ. ಆಮೇಲೆ ಟ್ರಿಗರನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಬಹುದು, ವೇಗವನ್ನು ಅತಿ ಕಡಿಮೆಗೆ ಇಳಿಸಬಹುದು, ಆ ಮಾದರಿಯಲ್ಲಿ ಬ್ಯಾಟರಿ ಸಂಪರ್ಕ ಕಡಿಯುವ ವ್ಯವಸ್ಥೆಯಿದ್ದರೆ ಅದನ್ನು ಬಳಸಬಹುದು. ತಿರುಗುವ ಪ್ರೊಪೆಲ್ಲರಿಗೆ ಬರಿಗೈ ಒಡ್ಡಬೇಡಿ. ಗಾಬರಿಯಿಂದ ಹಿಡಿ ಬಿಟ್ಟರೆ ಸೊಂಟದ ಹಗ್ಗ ಇನ್ನೂ ಸಿಕ್ಕಿರುವುದರಿಂದ ಸ್ಕೂಟರ್ ನಿಮ್ಮ ಸುತ್ತಲೇ ಬುಗುರಿಯಾಡುತ್ತ ಹಗ್ಗವನ್ನು ನಿಮಗೇ ಸುತ್ತುತ್ತದೆ.

ಸುತ್ತಿಕೊಳ್ಳುವ ಮಾತು ಬಂದದ್ದರಿಂದ ಹೇಳುತ್ತೇನೆ: ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರುಗಳಲ್ಲಿ ಜೋತಾಡುವ ಎರಡನೆಯದರ ಕೊಳವೆ, ಮೇಲೆ ತೇಲುವ ಬಾವುಟದ ದಾರ, ಬಿಡುಬಲೆಯ ತುಂಡು ಇವೆಲ್ಲ ಪ್ರೊಪೆಲ್ಲರಿಗೆ ಆಹಾರ. ಬಿಡಿಸುವ ಮೊದಲು ಟ್ರಿಗರಿಗೆ ಬೀಗ ಹಾಕಿ. ವೇಗದಲ್ಲಿ ಪಕ್ಕಕ್ಕೆ ತಲೆ ತಿರುಗಿಸಿದರೆ ಮಾಸ್ಕಿಗೆ ನೀರು ನುಗ್ಗುತ್ತದೆ, ಎದುರು ನೀರಿನ ಒತ್ತಡಕ್ಕೆ ರೆಗ್ಯುಲೇಟರ್ ತಾನಾಗಿ ಗಾಳಿ ಸುರಿಸಲೂಬಹುದು. ಟ್ರಿಗರ್ ಬಿಟ್ಟರೆ ಎರಡೂ ಸರಿಹೋಗುತ್ತವೆ.

ಈಗ ಸೆಳವಿನ ವಿಚಾರ. ನೇತ್ರಾಣಿಯಲ್ಲಿ ನೀರಿಗಿಳಿದವರು ಈ ಸಭೆಯಲ್ಲಿ ಹಲವರಿದ್ದೀರಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ಆ ದ್ವೀಪದ ಒಂದು ಬದಿಯಲ್ಲಿ ನೀರು ಶಾಂತವಾಗಿದ್ದು, ಮೂಲೆ ತಿರುಗುತ್ತಲೇ ಸೆಳವು ಮೈಗೆ ತಟ್ಟುವ ಅನುಭವ ನಿಮಗಿರಬಹುದು. ಈಜುವವನಿಗೆ ಅದು ತಕ್ಷಣ ತಿಳಿಯುತ್ತದೆ, ಏಕೆಂದರೆ ಅವನ ಕಾಲು ಸೋಲುತ್ತದೆ. ಸ್ಕೂಟರ್ ಹಿಡಿದವನಿಗೆ ತಿಳಿಯುವುದಿಲ್ಲ, ಸೋಲುವ ಕಾಲು ಯಂತ್ರದ್ದು. ಅರ್ಧ ನಾಟ್ ಸೆಳವು ಎಂದರೆ ನಿಮಿಷಕ್ಕೆ ಸುಮಾರು 15 ಮೀಟರ್. ಫಿನ್ ಬಡಿಯುವವನು ಅದರೆದುರು ಇದ್ದಲ್ಲೇ ಇರುತ್ತಾನೆ, ಸ್ಕೂಟರಿನವನು 35 ಮೀಟರಿನಂತೆ ಸಾಗುತ್ತ ಇಂದು ಯಂತ್ರ ಕೊಂಚ ಮಂದವಾಗಿದೆ ಎಂದುಕೊಳ್ಳುತ್ತಾನೆ.

ಹೊರಡುವಾಗ ಸೆಳವಿಗೆ ಎದುರಾಗಿ ಹೊರಡಿ ಎಂಬುದು ಎಲ್ಲ ಡೈವರುಗಳಿಗೂ ಹೇಳುವ ಮಾತು. ಸ್ಕೂಟರಿನವರಿಗೆ ಅದು ಜೀವದ ಮಾತು. ಎದುರಾಗಿ ಹತ್ತು ನಿಮಿಷ ಹೋದರೆ 350 ಮೀಟರ್. ಯಂತ್ರ ಕೆಟ್ಟರೆ ಸೆಳವೇ ನಿಮ್ಮನ್ನು 23 ನಿಮಿಷದಲ್ಲಿ ಹೊರಟ ಕಡೆಗೆ ತಂದು ಬಿಡುತ್ತದೆ. ಸೆಳವಿನ ಜೊತೆ ಹತ್ತು ನಿಮಿಷ ಹೋದರೆ 650 ಮೀಟರ್. ಅಲ್ಲಿ ಕೆಟ್ಟರೆ ಈಜಿ ಒಂದು ಮೀಟರನ್ನೂ ಹಿಂದೆ ಪಡೆಯಲಾರಿರಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಇಲ್ಲಿ ನಡೆಯದು. ಮರಳಿ ದಾಟುವ ಕೆಲಸ ಬಾಕಿಯಿದೆ. ಅಂಬಿಗನಿಂದ ಕಲಿಯುವುದೂ ಇದೆ. ತುಂಬಿದ ಹೊಳೆಯನ್ನು ದಾಟುವವನು ನೀರಿಗೆ ನೇರ ಎದುರು ಹುಟ್ಟು ಹಾಕದೆ ದೋಣಿಯ ಮೂತಿಯನ್ನು ಮೇಲ್ಹರಿವಿನತ್ತ ಓರೆಯಾಗಿಟ್ಟು ಅಡ್ಡ ದಾಟುತ್ತಾನೆ. ಬಲವಾದ ಸೆಳವಿಗೆ ಸಿಕ್ಕ ಸ್ಕೂಟರೂ ಹಾಗೆಯೇ ಅಡ್ಡ ಹೋಗಬೇಕು, ತಳಕ್ಕೆ ಹತ್ತಿರ ಇಳಿದು ಬಂಡೆಯ ಮರೆ ಹುಡುಕಬೇಕು; ತಳದ ಉಜ್ಜಾಟದಿಂದ ಅಲ್ಲಿ ಹರಿವು ಮಂದವಾಗಿರುತ್ತದೆ.

ಸೆಳವನ್ನು ಗೆಲ್ಲುವ ಆಸೆಯನ್ನೇ ಬಿಡಬೇಕಾದ ಕಡೆಗಳೂ ಇವೆ. ಫ್ಲಾರಿಡಾದ ಪಾಮ್ ಬೀಚ್ ಬಳಿ ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹ ದಡಕ್ಕೆ ಬಹಳ ಸಮೀಪದಲ್ಲಿ ಉತ್ತರಕ್ಕೆ ಹರಿಯುತ್ತದೆ. ನಡುಹರಿವಿನ ಮೇಲ್ಮೈಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಮುಟ್ಟುತ್ತದೆ, ಅಂದರೆ ನಿಮಿಷಕ್ಕೆ 120. ನಮ್ಮ ಸ್ಕೂಟರಿನ ಎರಡು ಪಟ್ಟಿಗೂ ಹೆಚ್ಚು. ಅಲ್ಲಿನವರು ಲಂಗರು ಹಾಕದೆ ನೀರಿನೊಂದಿಗೆ ತೇಲುತ್ತ ಡೈವ್ ಮಾಡುತ್ತಾರೆ, ದೋಣಿ ಅವರ ಬಾವುಟವನ್ನು ಹಿಂಬಾಲಿಸುತ್ತದೆ. ಕೆಂಪು ಬಟ್ಟೆಗೆ ಬಿಳಿಯ ಓರೆ ಪಟ್ಟಿಯ ಆ ಬಾವುಟದಿಂದ ತೆರೆದ ನೀರಿನಲ್ಲಿ 300 ಅಡಿಯೊಳಗೆ ಇರಲು ಡೈವರ್ ಪ್ರಯತ್ನಿಸಬೇಕೆಂದು ಆ ರಾಜ್ಯದ ಕಾನೂನು ಹೇಳುತ್ತದೆ. 300 ಅಡಿ ಎಂದರೆ ಸುಮಾರು 91 ಮೀಟರ್. ಸ್ಕೂಟರಿಗೆ ಅದು ಎರಡು ನಿಮಿಷದ ದಾರಿಯೂ ಅಲ್ಲ. ಇಂಥಲ್ಲಿ ಸ್ಕೂಟರ್ ಬಳಸುವವರು ಅದನ್ನು ಅಡ್ಡಡ್ಡ ಓಡಾಡಲು, ತಂಡದಿಂದ ಹಿಂದೆ ಬಿದ್ದಾಗ ಸೇರಿಕೊಳ್ಳಲು ಬಳಸುತ್ತಾರೆಯೇ ಹೊರತು ಹರಿವಿನ ಎದುರು ಸೆಣಸಲು ಅಲ್ಲ.

ಸಮುದ್ರದೊಳಗಿನ ಕಡಿದಾದ ಗೋಡೆಗಳ ಬಳಿ ನೀರು ಕೆಳಮುಖವಾಗಿ ಸುರಿಯುವುದುಂಟು. ಉಸಿರಿನ ಗುಳ್ಳೆಗಳು ಮೇಲೇರದೆ ಅಡ್ಡಕ್ಕೋ ಕೆಳಕ್ಕೋ ಹರಿಯುತ್ತಿವೆ, ಮೀನುಗಳೆಲ್ಲ ತಲೆ ಮೇಲೆ ಮಾಡಿ ಈಜುತ್ತಿವೆ ಎಂದರೆ ಅದು ಗುರುತು. ಆಗ ಸ್ಕೂಟರನ್ನು ನೇರ ಮೇಲಕ್ಕೆ ತಿರುಗಿಸಬೇಕೆಂದು ಕೈ ತವಕಿಸುತ್ತದೆ. ಹಾಗೆ ಮಾಡಿದವನು ಆ ಜಲಧಾರೆಯ ಅಂಚು ದಾಟಿದ ಕ್ಷಣದಲ್ಲಿ, ತುಂಬಿದ ಬಿಸಿಡಿಯೂ ಪೂರ್ಣ ವೇಗದ ಯಂತ್ರವೂ ಸೇರಿ ಬಾಣದಂತೆ ಮೇಲಕ್ಕೆ ಹೋಗುತ್ತಾನೆ. ಗೋಡೆಯಿಂದ ದೂರಕ್ಕೆ, ತುಸುವೇ ಮೇಲ್ಮುಖವಾಗಿ ಅಡ್ಡ ಓಡಿ. ಇಂಥ ಸುರಿತದ ಅಗಲ ಸಾಮಾನ್ಯವಾಗಿ ಕಡಿಮೆ. ಕಣ್ಣು ಡೈವ್ ಕಂಪ್ಯೂಟರಿನ ಮೇಲಿರಲಿ. ಸ್ಕೂಟರ್ ನಿಜವಾಗಿಯೂ ಪ್ರಾಣ ಉಳಿಸುವ ಸಂದರ್ಭಗಳಲ್ಲಿ ಇದೊಂದು, ಅಷ್ಟನ್ನು ಅದಕ್ಕೆ ಸಲ್ಲಿಸಲೇಬೇಕು.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ. ಸ್ಕೂಟರನ್ನು ವಿಮಾನದಲ್ಲಿ ತರಬಹುದೇ ಎಂದು ಒಬ್ಬರು ಕೇಳಿದರು. ಪ್ರಯಾಣಿಕರು 100 ವ್ಯಾಟ್-ಅವರ್‌ವರೆಗಿನ ಲಿಥಿಯಂ ಬ್ಯಾಟರಿಯನ್ನು ಒಯ್ಯಬಹುದು, ವಿಮಾನ ಸಂಸ್ಥೆ ಒಪ್ಪಿದರೆ 160ರವರೆಗೆ. ಆಟಿಕೆಯಂಥ ಪುಟ್ಟ ಸ್ಕೂಟರುಗಳು ಆ ಮಿತಿಗೆ ಹೊಂದುತ್ತವೆ; ಡೈವರನನ್ನು ಸಜ್ಜುಸಮೇತ ಗಂಟೆಗಟ್ಟಲೆ ಎಳೆಯುವಂಥವುಗಳ ಬ್ಯಾಟರಿ ಅದನ್ನು ಎಷ್ಟೋ ಮೀರುತ್ತದೆ. ಪುಟ್ಟದನ್ನು ತಂದವರು ದಯವಿಟ್ಟು ಅದು ಸೆಳವಿನೆದುರು ನಿಲ್ಲುತ್ತದೆಂದು ನಂಬಬೇಡಿ.

ಇನ್ನೊಬ್ಬರು, ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ನೀರಿನಲ್ಲಿ ಬಿಟ್ಟುಬರಬೇಕಾದೀತೇ ಎಂದು ಕೇಳಿದರು. ಸುಮ್ಮನೆ ನಿಂತ ಸ್ಕೂಟರನ್ನು ಬಿಡಬೇಕಿಲ್ಲ, ಕಾಲುಗಳ ನಡುವೆ ಹಿಂದಕ್ಕೆ ಸಿಕ್ಕಿಸಿಕೊಂಡರೆ ಈಜಿಗೆ ತುಸು ತೊಡಕು, ಅಷ್ಟೆ. ನೀರು ಕುಡಿದು ಭಾರವಾದದ್ದನ್ನು, ಸೆಳವಿನಲ್ಲಿ ಕೈಯನ್ನು ಹಿಂದಕ್ಕೆ ಜಗ್ಗುತ್ತಿರುವುದನ್ನು ಬಿಡಲೇಬೇಕು, ಆಳ ಇನ್ನೂ ಹತೋಟಿಯಲ್ಲಿರುವಾಗಲೇ ಬಿಡಬೇಕು. ನಾನೂ ಒಮ್ಮೆ ಹಾಗೆ ಕೊಕ್ಕೆ ಕಳಚಿದ್ದೇನೆ. ಅದು ಓಲಾಡುತ್ತ ಕೆಳಗಿನ ಕತ್ತಲೆಗೆ ಇಳಿಯುವುದನ್ನು ನೋಡುತ್ತಲೇ ಬಾವುಟದ ತೇಲು ಬಿಟ್ಟು ಮೇಲೆ ಬಂದೆ. ದೋಣಿಯವರು ಹತ್ತು ನಿಮಿಷದಲ್ಲಿ ಎತ್ತಿಕೊಂಡರು. ಆ ಸ್ಕೂಟರಿನ ಹನ್ನೊಂದು ಕಂತು ಇನ್ನೂ ಬಾಕಿಯಿದ್ದವು. ತಿಂಗಳು ತಿಂಗಳೂ ಕಟ್ಟಿದೆ.